ಬೆಕ್ಕಿನ ಬೆಲೆ

ದಿವಾಳಿಯಾಗಲಿಕ್ಕೂ ದುಡ್ಡು ಬೇಕಂತೆ.
ಕೋರ್ಟಿನ ಶುಲ್ಕ ಮುನ್ನೂರು ಚಿಲ್ಲರೆ ಡಾಲರು,
ವಕೀಲೆಯದು ಬೇರೆ.
ಕಂತಿನಲ್ಲಿ ಕಟ್ಟಬಹುದು ಎಂದಳು ಆಕೆ.
ನಾನು ನಕ್ಕೆ. ಆಕೆ ನಗಲಿಲ್ಲ.
ದಿನಕ್ಕೆ ಎಷ್ಟು ಜನ ಇದೇ ಮಾತಿಗೆ
ಇದೇ ಕುರ್ಚಿಯಲ್ಲಿ ಕೂತು ನಗುತ್ತಾರೋ.

ಡುಲೂತ್‌ನಲ್ಲಿ ಮಾರ್ಚ್ ಎಂದರೂ ಚಳಿಗಾಲವೇ.
ರಾತ್ರಿ ಪಾಳಿ ಮುಗಿಸಿ ಬರುವಾಗ
ಹೆಪ್ಪುಗಟ್ಟಿದ ಸರೋವರ ಬಿರಿಯುವ ಸದ್ದು,
ಮೇಲಿನ ಮನೆಯವರು ಕಪಾಟು ಎಳೆದ ಹಾಗೆ.
ರೆಪ್ಪೆಯ ಮೇಲೆ ಇನ್ನೂ ಬೇಕರಿಯ ಹಿಟ್ಟು.
ಮೇಜಿನ ಮೇಲೆ ಐವತ್ತೆರಡು ಪುಟದ ಅರ್ಜಿ.

ಹೆಸರು: ಬ್ರಿಟಾ ಕೊಸ್ಕೆಲಾ. ವಯಸ್ಸು ಇಪ್ಪತ್ತಾರು.
ಸಾಲ ನಲವತ್ತೊಂದು ಸಾವಿರ ಮತ್ತು ಚಿಲ್ಲರೆ.
ಚಿಲ್ಲರೆಯೇ ನನ್ನನ್ನು ತಿಂದದ್ದು.

ಅಪೆಂಡಿಕ್ಸ್ ಒಡೆದ ರಾತ್ರಿ
ಆಂಬುಲೆನ್ಸು ಓಡಿದ್ದು ಹನ್ನೊಂದೇ ನಿಮಿಷ,
ನಾನು ಅದರ ಹಿಂದೆ ಮೂರು ವರ್ಷದಿಂದ ಓಡುತ್ತಿದ್ದೇನೆ.
ಒಂದು ಕಾರ್ಡಿನ ಬಾಯಿಗೆ
ಇನ್ನೊಂದರ ತಟ್ಟೆಯಿಂದ ತುತ್ತು.
ಕೆಲವಕ್ಕೆ ನೆಪವಿಲ್ಲ, ಒಪ್ಪಿಕೊಳ್ಳುತ್ತೇನೆ:
ಒಂದು ಜೊತೆ ಕೆಂಪು ಬೂಟು,
ಪೋರ್ಟ್‌ಲ್ಯಾಂಡಿಗೆ ಎರಡು ಸಲ ವಿಮಾನ.
ಅಲ್ಲಿದ್ದವನು ಕಾಗದ ಬರೆಯುವುದಿಲ್ಲ ಈಗ, ಫೋನೂ ಇಲ್ಲ;
ಅವನನ್ನು ನೋಡಲು ಹೋದದ್ದರ ಬಡ್ಡಿ ಮಾತ್ರ
ತಿಂಗಳು ತಿಂಗಳು ಬರುತ್ತದೆ, ನಿಯತ್ತಾಗಿ.

ಅರ್ಧಕ್ಕೆ ಬಿಟ್ಟ ಓದಿನ ಸಾಲ
ಹುಟ್ಟುಗುಣದ ಹಾಗೆ, ಸುಟ್ಟರೂ ಹೋಗುವುದಿಲ್ಲವಂತೆ.
ಕಾರಿನ ಸಾಲಕ್ಕೆ ಜಾಮೀನು ನಿಂತವಳು ಹಿಲ್ಮಾ ದೊಡ್ಡಮ್ಮ:
ನಾನಿಲ್ಲಿ ಕೈ ತೊಳೆದುಕೊಂಡರೆ
ಆ ನೀರು ಅವಳ ಮೈಮೇಲೆ.
ಹೇಳಲೇಬೇಕಾಗಿತ್ತು, ಹೇಳಿದೆ.

"ನಮ್ಮ ಮನೆತನದಲ್ಲಿ ಯಾರೂ..." ಎಂದು ಶುರು ಮಾಡಿದಳು.
ಗಣಿಯಲ್ಲಿ ದುಡಿದ ಮುತ್ತಜ್ಜ,
ಕಾಸಿಗೆ ಕಾಸು ತೀರಿಸಿದ ಕಥೆ.
ನಡುವೆ ನಿಂತಳು. ಕಾಫಿ ಬಗ್ಗಿಸಿಕೊಂಡ ಸದ್ದು.
"ಅಲ್ಲ ಕಣೇ, ಅಲ್ಲಿ ಫಿನ್‌ಲ್ಯಾಂಡಿನಲ್ಲಿ
ಊರೆಲ್ಲ ಸಾಲ ಮಾಡಿಟ್ಟೇ ಅವನು ಹಡಗು ಹತ್ತಿದ್ದು.
ರಾತ್ರೋರಾತ್ರಿ. ನಿನಗಾದರೆ ಅರ್ಜಿ ಇದೆ."

ಬೆಳಿಗ್ಗೆ ಎಂಟಕ್ಕೆ ವಸೂಲಿಯವರ ಫೋನು.
ಎಂದೂ ಎತ್ತದವಳು ಇವತ್ತು ಎತ್ತಿದೆ.
ನನ್ನದೇ ವಯಸ್ಸಿನ ದನಿ, ನೆಗಡಿ ಕಟ್ಟಿದ ಮೂಗು,
ಓದಿಕೊಂಡ ಪಾಠವನ್ನು ಒಪ್ಪಿಸುತ್ತಿತ್ತು.
"ನಿನಗೆಷ್ಟಿದೆ ಸಾಲ?" ಎಂದು ಕೇಳಿಬಿಟ್ಟೆ.
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ, ತೀರ ಮೆಲ್ಲಗೆ:
"ಈ ಕರೆ ರೆಕಾರ್ಡ್ ಆಗುತ್ತಿದೆ, ಮೇಡಂ."

ಕೊನೆಗೆ ಬಲಗೈ ಎತ್ತಿ ಪ್ರಮಾಣ ಮಾಡಬೇಕಂತೆ.
ಕೈ ಎತ್ತಿದಳು ಎನ್ನುತ್ತಾರೆ ಜನ; ಎನ್ನಲಿ.
ಶಾಲೆಯಲ್ಲಿ ಉತ್ತರ ಗೊತ್ತಿದ್ದವರು ಎತ್ತುತ್ತಿದ್ದರು.
ನಾನು ಎತ್ತುತ್ತಿದ್ದದ್ದು
ಹೊರಗೆ ಹೋಗಲು ಅಪ್ಪಣೆ ಕೇಳಲಿಕ್ಕೆ.

ಆಸ್ತಿಯ ಪಟ್ಟಿ ಬೇಗ ಮುಗಿಯಿತು.
ಮಂಚ, ಮೈಕ್ರೋವೇವ್, ಬೂಟು (ಹಿಮ್ಮಡಿ ಸವೆದಿದೆ).
ಒಂದು ಸಾಲಿನಲ್ಲಿ ಪೆನ್ನು ನಿಂತಿತು:
ಸಾಕುಪ್ರಾಣಿಗಳು. ಇಂದಿನ ಬೆಲೆ?

ಪುಲ್ಲಾ, ಹದಿಮೂರು ವರ್ಷ, ಒಂದೇ ಕಣ್ಣು,
ಹೀಟರಿನ ಮೇಲೆ ಬಾಲ ಇಳಿಬಿಟ್ಟು ಮಲಗಿದೆ.
ಸೊನ್ನೆ ಎಂದು ಬರೆದೆ.
ಬರೆದದ್ದೆಲ್ಲ ಸತ್ಯ ಎಂದು ಕೆಳಗೆ ರುಜು ಹಾಕಬೇಕು.
ಹೊಡೆದುಹಾಕಿದೆ. ಐದು ಡಾಲರು ಎಂದೆ.
ಅದನ್ನೂ ಹೊಡೆದುಹಾಕಿದೆ.

ಐವತ್ತೊಂದು ಪುಟ ತುಂಬಿವೆ.
ಮುಚ್ಚಿಡಬೇಕು ಅನ್ನಿಸಿದ ಆಸ್ತಿ
ಇದೊಂದೇ, ವಕೀಲರೇ.
ನಾಳೆ ಬಂದು ಹೇಳುತ್ತೇನೆ.