ಹದಿನೇಳನೇ ಪುಟ

ಬಲ್ಮಠದ ಹಲ್ಲಿನ ಡಾಕ್ಟರು
ಹದಿನೇಳನೇ ಪುಟ ಕೊಂಡರು,
ಮೂರೂವರೆ ಸಾವಿರ, ಚೌಕಾಸಿಯಿಲ್ಲದೆ.
ಅದರಲ್ಲಿ ವಾರಿಜ ದಕ್ಕೆಯಿಂದ ದೋಣಿಗೆ ಹಾರಿದ್ದಾಳೆ,
ಕಾಲು ಇನ್ನೂ ಗಾಳಿಯಲ್ಲಿ.
ಅವಳು ಇಳಿಯುವ ಚೌಕ ಮುಂದಿನ ಪುಟದ್ದು;
ಅದು ಮೊನ್ನೆಯೇ ಕುಂದಾಪುರಕ್ಕೆ ಹೋಯಿತು.

ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ್ದರು:
ನೀಲಿ ಪೆನ್ಸಿಲಿನ ಗೀಟು,
ಬಿಳಿ ಮೆತ್ತಿ ಮೂರು ಸಲ ತಿದ್ದಿದ ಮೂಗು,
ಅಂಚಿನಲ್ಲಿ ಬಂಗುಡೆ ಸಾರಿನ ಒಂದು ಬೆರಳು.
ಅಚ್ಚಾದಾಗ ಇದ್ಯಾವುದೂ ಕಾಣದಂತೆ ಎಷ್ಟು ಒದ್ದಾಡಿದ್ದೆ.
ಈಗ ಅದಕ್ಕೇ ಬೆಲೆ.

ರಾತ್ರಿ ಫ್ಲೋರಿನ್ ಲೆಕ್ಕದ ಪುಸ್ತಕ ಬಿಡಿಸಿದಳು.
ಸೊಸೈಟಿಯ ಆರ್.ಡಿ.ಗೆ ಸಾವಿರ,
ಬ್ಯಾಂಕಿನಲ್ಲಿ ಮಲಗಿರುವ ಬಳೆಗಳ ಬಡ್ಡಿ,
ಶಾಯಿಗೆ ಇನ್ನೂರ ನಲ್ವತ್ತು.
"ಇನ್ನೆಷ್ಟು ಪುಟ ಉಂಟು?"
ತೆಂಗಿನಕಾಯಿ ಎಣಿಸುವವಳ ಹಾಗೆ ಕೇಳಿದಳು.
ಇಪ್ಪತ್ತಮೂರು, ಅಂದೆ.
ಹಾಗಾದರೆ ಫೆಬ್ರವರಿವರೆಗೆ, ಅಂದಳು.

ಕ್ರಿಸ್ಮಸ್ಸಿಗೆ ಮುಂಚೆ ನನಗೇ ದವಡೆ ನೋವು.
ರೂಟ್ ಕೆನಾಲಿಗೆ ನಾಲ್ಕು ಸಾವಿರ,
ಕೌಂಟರಿನ ಹುಡುಗಿ ತಲೆಯೆತ್ತದೆ ಹೇಳಿದಳು.
ಗೋಡೆಯ ಮೇಲೆ, ಗಾಜಿನೊಳಗೆ, ವಾರಿಜ.
ಪಕ್ಕದಲ್ಲಿ ಕೆನ್ನೆ ಊದಿದ ಹುಡುಗನೊಬ್ಬ
ಅವಳನ್ನೇ ನೋಡಿ ನೋಡಿ ಕೇಳಿದ:
"ಇವಳು ಬಿದ್ದಳಾ?"
ನನಗೆ ಬಾಯಿ ತೆರೆಯಲಾಗಲಿಲ್ಲ.
ಕೈಯೆತ್ತಿ
ಉತ್ತರ ದಿಕ್ಕು ತೋರಿಸಿದೆ.