ಒಂದು ಗೇಣು ಹೆಚ್ಚು

ಅಕ್ಟೋಬರ್ ಬಂತೆಂದರೆ ಲೀಮಾ ನೇರಳೆ ಉಡುತ್ತದೆ.
ಬ್ಯಾಂಕಿನ ಗುಮಾಸ್ತ, ಬಸ್ಸಿನ ಕಂಡಕ್ಟರಮ್ಮ,
ಮೊನ್ನೆಯಷ್ಟೇ ಜೈಲಿಂದ ಬಿಟ್ಟುಬಂದವನು,
ಎಲ್ಲರಿಗೂ ಒಂದೇ ನಿಲುವಂಗಿ, ಸೊಂಟಕ್ಕೆ ಬಿಳಿ ಹಗ್ಗ.
ನನಗೆ ಮಾತ್ರ ನಗರಸಭೆಯ ಹಸಿರು ಜಾಕೀಟು,
ಎದೆಯ ಮೇಲೆ ನಂಬರು, ಜೇಬಲ್ಲಿ ಅಳತೆಯ ಟೇಪು.

ಸುತ್ತೋಲೆ ಹೇಳುತ್ತದೆ:
ಉತ್ಸವದ ದಿನ ಬೀದಿಯಲ್ಲಿ ಒಲೆ ಹೂಡುವವರು
ಒಂದು ಮೀಟರು ಇಪ್ಪತ್ತು ಸೆಂಟಿಮೀಟರು ಮೀರತಕ್ಕದ್ದಲ್ಲ.
ಬರೆದವನು ಆರನೇ ಮಹಡಿಯವನು.
ಈ ಹೊಗೆ ಅಷ್ಟು ಮೇಲೆ ಏರುವುದಿಲ್ಲ.

ಅಳೆಯುತ್ತ ಬಂದೆ.
ಪಿಕರೋನ್ ಕರಿಯುವ ಹುಡುಗಿ: ಒಂದು ಹತ್ತು.
ಗೆಣಸು ಕುಂಬಳ ಕಲಸಿದ ಹಿಟ್ಟಿಗೆ ಒದ್ದೆ ಹೆಬ್ಬೆರಳು ತೂರಿಸಿ
ಎಣ್ಣೆಗೆ ಬಿಟ್ಟಳು; ಬಳೆಯಾಗಿ ಉಬ್ಬಿ ಎದ್ದಿತು.
ಮೇಲೆ ಬೆಲ್ಲದ ಪಾಕ.
ನನಗೊಂದು ಕೊಡಲಿಲ್ಲ. ಗಟ್ಟಿಗಿತ್ತಿ.
ಮಿಠಾಯಿಯ ಅಣ್ಣತಮ್ಮಂದಿರು: ಒಂದು ಇಪ್ಪತ್ತು, ಕೂದಲೆಳೆಯಲ್ಲಿ ಪಾರು.
ಆಮೇಲೆ ದೋನ್ಯ ಎರ್ಮೆಲಿಂದಾಳ ಒಲೆ.
ಒಂದು ನಲವತ್ತೆರಡು.

"ಒಂದು ಗೇಣು ಹೆಚ್ಚಿದೆ, ದೋನ್ಯ."
"ಹೊಟ್ಟೆಯೂ ಗೇಣೇ ಕಣೋ ಎಲ್ಮೆರ್.
ಇದು ನನ್ನವ್ವನ ಒಲೆ. ಕಬ್ಬಿಣ ಬೆಳೆಯುವುದಿಲ್ಲ,
ನಿನ್ನ ಟೇಪೇ ಕುಗ್ಗಿರಬೇಕು.
ಕೆಲಸವಿಲ್ಲದ ವರ್ಷ ಇಲ್ಲೇ ನಿಂತು ಸಾಲ ತಿಂದೆಯಲ್ಲ,
ಆ ಕಡ್ಡಿಗಳನ್ನೂ ಸಾಲಾಗಿಟ್ಟು ಅಳೆ."

ನಾನು ಪೆನ್ನು ತೆಗೆದೆ. ಆಗ ಬೀದಿಯ ತುದಿಯಲ್ಲಿ ಗಂಟೆ.

ಧೂಪದ ಹೆಂಗಸರು ಬಂದರು, ಹಿಂದು ಹಿಂದಕ್ಕೆ ನಡೆಯುತ್ತ.
ದೇವರಿಗೆ ಬೆನ್ನು ಹಾಕಬಾರದು;
ಕಾಲ ಕೆಳಗಿನ ಗುಂಡಿ, ಹಳಿ, ಮೆಟ್ಟಿಲು
ಹಿಮ್ಮಡಿಗೇ ಬಿಟ್ಟದ್ದು.
ಅವರ ಹಿಂದೆ ಹೆಗಲು ಹೆಗಲ ಮೇಲೆ ತೂಗುವ ಬೆಳ್ಳಿ,
ಅಂಗೋಲಾದ ಗುಲಾಮನೊಬ್ಬ ಮಣ್ಣುಗೋಡೆಗೆ ಬರೆದ ಕ್ರಿಸ್ತನ ಪ್ರತಿ.
ಊರು ಬಿದ್ದಾಗ ಗೋಡೆ ಬೀಳಲಿಲ್ಲವಂತೆ.

"ಹಿಡಿ ಇದನ್ನ," ಅಂದಳು.
ಜೋಳದ ಸಿಪ್ಪೆ ಕಟ್ಟಿದ ಕುಂಚ ನನ್ನ ಕೈಗೆ ತುರುಕಿ
ಎರಡೂ ಮಂಡಿ ಹಿಡಿದುಕೊಂಡು ಕಲ್ಲಿನ ಮೇಲೆ ಇಳಿದಳು,
ಇಳಿಯಲು ಅರ್ಧ ಪ್ರಾರ್ಥನೆಯಷ್ಟು ಹೊತ್ತಾಯಿತು.

ಕೆಂಡದ ಮೇಲೆ ಅರವತ್ತು ಕಡ್ಡಿ, ದನದ ಹೃದಯ.
ಹೃದಯ ಅಂದರೆ ದೊಡ್ಡದೇನಲ್ಲ, ಅಗ್ಗದ ಮಾಂಸ.
ಒಡೆಯರ ಅಡುಗೆಮನೆ ಎಸೆದದ್ದನ್ನು ಅವಳ ಮುತ್ತಜ್ಜಿಯರು
ಹುಳಿ, ಜೀರಿಗೆ, ಕೆಂಪು ಮೆಣಸಲ್ಲಿ ರಾತ್ರಿಯಿಡೀ ನೆನೆಸಿ
ಬೆಳಿಗ್ಗೆ ಒಡೆಯರಿಗೇ ಬಾಯಲ್ಲಿ ನೀರೂರಿಸಿದರಂತೆ.
ಸೀದರೆ ಮುಗಿಯಿತು.
ಸವರಿದೆ. ತಿರುವಿದೆ. ಮತ್ತೆ ಸವರಿದೆ. ಜಾಕೀಟಿನ ತೋಳು ಕೆಂಪಾಯಿತು.

"ಎಷ್ಟು?" ಎಂದ ಮಗುವನ್ನು ಹೊತ್ತ ಒಬ್ಬ ತಂದೆ.
ಬೆಲೆ ನನಗೆ ಗೊತ್ತಿಲ್ಲ, ಸುತ್ತೋಲೆಯಲ್ಲಿಲ್ಲ.
"ತಿನ್ನಿಸಿ ಮೊದಲು."
ಇನ್ನೊಬ್ಬಳು, ಇನ್ನಿಬ್ಬರು, ಚಿಲ್ಲರೆ ಇಲ್ಲದ ಪೊಲೀಸು.

ಗಂಟೆ ಬಡಿಯಿತು, ದೇವರು ನಿಂತ,
ಒಲೆಗೂ ಬೆಳ್ಳಿಗೂ ನಡುವೆ ಬೆರಳು ಮಾತ್ರ ತೂರುವಷ್ಟು ಜಾಗ.
ಧೂಪ ಯಾವುದು, ಹೊಗೆ ಯಾವುದು,
ನನ್ನ ಮೂಗಿಗಂತೂ ತಿಳಿಯಲಿಲ್ಲ.
ಹೊತ್ತವರಲ್ಲಿ ಒಬ್ಬ, ಕತ್ತಿನ ನರ ಹುರಿಯಾಗಿ,
ಕೈ ಬಿಡುವಂತಿಲ್ಲ,
ಕೆಂಡದ ಕಡೆ ಒಮ್ಮೆ ನೋಡಿದ.
ಒಂದು ತುಂಡು ಕಿತ್ತು, ಊದಿ, ಅವನ ಬಾಯಿಗಿಟ್ಟೆ.
ಅವನು ಕಣ್ಣು ಮುಚ್ಚಿ ಅಗಿದ.
ಗಂಟೆ. ದೇವರು ಹೊರಟ.

ಎರ್ಮೆಲಿಂದಾ ನನ್ನ ಭುಜ ಹಿಡಿದು ಎದ್ದು
ಮೊದಲು ಶಿಲುಬೆ ಗೀಚಿಕೊಂಡಳು, ಆಮೇಲೆ ಎಣಿಸಿದಳು.
"ನಲವತ್ತೊಂಬತ್ತಿದೆ. ಹನ್ನೊಂದರ ದುಡ್ಡು?"
ಏಳರದ್ದು ಇತ್ತು. ಮಿಕ್ಕದ್ದು ನನ್ನ ಜೇಬಿಂದ.
"ಎರಡು ಸೀಯಿಸಿದ್ದೀಯ," ಎಂದಳು, ಅವನ್ನು ನನಗೇ ಕೊಟ್ಟಳು.

ರಾತ್ರಿ ಪುಸ್ತಕ ಒಪ್ಪಿಸಿದೆ.
ಅವಳ ಹೆಸರಿನ ಸಾಲು ಎಣ್ಣೆ ಕುಡಿದು
ಹಿಂದಿನ ಪುಟ ಕಾಣುವಷ್ಟು ತೆಳುವಾಗಿದೆ.
ಅಲ್ಲಿ ಅಂಕಿ ಇದೆಯೋ ಇಲ್ಲವೋ,
ಆರನೇ ಮಹಡಿಯವನು
ದೀಪಕ್ಕೆ ಹಿಡಿದು ನೋಡಿಕೊಳ್ಳಲಿ.