ಬಹುವಚನ

ಮಿಲ್ಡಮ್ಮ, ನಿನಗೆ ಬಹುವಚನ ಬರುತ್ತಿರಲಿಲ್ಲ.
ಕಾರ್ಪೊರೇಟರ್ ಬಂದರೂ "ಬಾ, ಕೂತ್ಕೋ",
ಪಾದ್ರಿಗೂ "ನಿನ್ನ ಪಿಯಾನೋಗೆ ಶೀತ ಆಗಿದೆ ನೋಡು",
ನನಗಂತೂ ಮೊದಲ ದಿನವೇ
"ಏ ಕಂಪೌಂಡರ್, ಕೈ ತೊಳಕೊಂಡ್ಯಾ?"

ನಾಯಿಗೆ ಮಾತ್ರ
"ಬನ್ನಿ. ಹೆದರಬೇಡಿ. ಕಾಲು ಕೊಡಿ."

ಹಲಸೂರಿನ ನಮ್ಮ ದನದಾಸ್ಪತ್ರೆಯ ಕಲ್ಲುಬೆಂಚಿನ ಮೇಲೆ
ನಗದೆ ಉಳಿದವರು ಯಾರು?
ಮೇಕೆ ಹಿಡಿದು ಬಂದ ಮುದುಕಿ
ಸೆರಗು ಬಾಯಿಗಿಟ್ಟುಕೊಂಡು ಕುಲುಕಿದಳು.

ಲಿಥುವೇನಿಯಾ ಎಲ್ಲಿದೆ ಎಂದು ಒಮ್ಮೆ ಕೇಳಿದ್ದೆ.
ಲೂನಾದ ಹಿಂದಿನ ಬುಟ್ಟಿಯಲ್ಲಿ ಮೂರು ಮರಿ ಜೋಡಿಸುತ್ತ ನೀನು
"ಸಮುದ್ರ ಇದೆ. ಬೀಟ್‌ರೂಟ್ ಸಾರು ಇದೆ. ಅಮ್ಮ ಇಲ್ಲ."
ಮತ್ತೆ ನಾನು ಕೇಳಲಿಲ್ಲ.

ಇಗರ್ಜಿಗಳ ಪಿಯಾನೋ ಶ್ರುತಿ ಮಾಡಿ ಬದುಕಿದವಳು,
ಶಾಲೆಗಳದ್ದು, ಗೆದ್ದಲು ಹತ್ತಿದ ಒಂದೆರಡು ಬಂಗಲೆಗಳದ್ದು.
ಆ ಕಿವಿಯೇ ನಿನ್ನ ಶತ್ರು.
ಕೋಲ್ಸ್ ರಸ್ತೆಯ ಬಸ್ಸು ಆಟೋಗಳ ಗದ್ದಲದಲ್ಲಿ
ಚರಂಡಿ ಚಪ್ಪಡಿಯ ಕೆಳಗಿನ ಮರಿ ಕೇಳಿಬಿಡುತ್ತಿತ್ತು:
"ಹಸಿವಿನ ಅಳು ಮೇಲಿರ್ತದೆ. ಇದು ಅರ್ಧ ಸ್ವರ ಕೆಳಗೆ. ನೋವು."
ಬೈದುಕೊಂಡೇ ಚಪ್ಪಡಿ ಎತ್ತಿದೆವು.
ಹಿಂಗಾಲು ಜಜ್ಜಿಹೋಗಿತ್ತು. ಮೈ ಅರಿಶಿನದ ಬಣ್ಣ.
ಚಿತ್ರಾನ್ನ ಎಂದು ಹೆಸರಿಟ್ಟವಳು ನೀನು.

ಜಟಕಾ ನಿಂತುಹೋಗಿ ಕಸಾಯಿಯ ಪಾಲಾಗಬೇಕಿದ್ದ
ಕುರುಡು ಕುದುರೆಗೆ ನಿನ್ನ ಸ್ವಂತ ಪಿಯಾನೋ ಮಾರಿದೆಯಲ್ಲ,
ನಾನು ಹಣ ಕೂಡಿಸಿಕೊಡುತ್ತೇನೆಂದು ಬಂದರೆ
ಕಡಜ ಕಂಡವಳಂತೆ ಕೈ ಬೀಸಿದೆ.
"ಎರಡಕ್ಕೂ ಜಾಗ ಇಲ್ಲ ಮನೇಲಿ" ಅಂತ ಕಾರಣ ಬೇರೆ.
ಆಮೇಲೆ ದಿನವೂ ಗೋಡೆಯಾಚೆಯಿಂದ ಕೇಳುತ್ತಿತ್ತು:
"ಮೇಷ್ಟ್ರೇ, ಹುಲ್ಲು ತಗೊಳ್ಳಿ."

ಅರವತ್ತೊಂಬತ್ತನೇ ವಯಸ್ಸಿನಲ್ಲಿ ಸೂರು ಹತ್ತಿ ಹೆಂಚು ಬದಲಿಸುವಾಗ
ಏಣಿ ಹಿಡಿಯಲು ಬಂದ ನನ್ನನ್ನು
"ನಿನಗೆ ಕೆಲಸ ಇಲ್ವಾ?" ಎಂದು ಓಡಿಸಿದವಳು.
ನನ್ನ ಮಗಳ ಮದುವೆಗೆ ಟಿಂಚರಿನ ವಾಸನೆ ಹೊತ್ತು ಬಂದೆ,
ಬೆಕ್ಕು ಈಯುವುದಿದೆ ಎಂದು ಊಟಕ್ಕೆ ನಿಲ್ಲದೆ ಹೊರಟೆ.
ನನ್ನ ಹೆಂಡತಿ ಅದನ್ನಿನ್ನೂ ಮರೆತಿಲ್ಲ.

ರಿಜಿಸ್ಟರಿನಲ್ಲಿ 'ಮಾಲೀಕರ ಹೆಸರು' ಎಂದಿರುವಲ್ಲಿ
ನೀನು ಉದ್ದಕ್ಕೊಂದು ಗೆರೆ ಎಳೆಯುತ್ತಿದ್ದೆ.
ಡಾಕ್ಟರು ರೇಗಿದರೆ
"ಜೊತೆಗಿರೋಳು ಅಂತ ಬರ್ಕೋ."

ಹದಿನಾರು ವರ್ಷ ಹೀಗೇ ಕಳೆದ ಮೇಲೆ ಒಂದು ದಿನ
ಬ್ಯಾಂಕಿನ ಸರದಿಯಲ್ಲಿ ನಿನ್ನ ಹಿಂದೆ ನಿಂತಿದ್ದೆ.
ಕೌಂಟರಿನ ಹುಡುಗಿ ಏನೋ ಬೈಸಿಕೊಂಡು ಅತ್ತಿದ್ದಳು, ಕಣ್ಣು ಕೆಂಪು.
"ಅಮ್ಮಾ, ಅವಸರ ಇಲ್ಲ. ನೀರು ಕುಡಿದು ಬನ್ನಿ. ಕಾಯ್ತೀನಿ"
ಎಂದೆ ನೀನು, ತಪ್ಪಿಲ್ಲದೆ.
ತಿರುಗಿ ನನ್ನನ್ನು ಕಂಡು
ಕಣ್ಣು ಹೊಡೆದೆ. ಕಳ್ಳಿ.

ಕಲ್ಪಳ್ಳಿಯಲ್ಲಿ ಗುಮಾಸ್ತ ಕೇಳಿದ, ನೀವು ಇವರಿಗೆ ಏನಾಗಬೇಕು?
ಜೊತೆಗಿರೋನು, ಅಂದೆ.
ಹಾಗೆಲ್ಲ ಬರೆಯೋಕಾಗಲ್ಲ ಎಂದು
'ಪರಿಚಯಸ್ಥ' ಎಂದು ಗೀಚಿಕೊಂಡ.
ಇರಲಿ. ಅವನ ಪೆನ್ನು, ಅವನ ಖಾನೆ.
ಹೊರಗೆ ಗೇಟಿನ ಬಳಿ ಏಳೋ ಎಂಟೋ ನಾಯಿ,
ಯಾವುದೂ ಬೊಗಳಲಿಲ್ಲ.

ಈಗ ಬೆಳಿಗ್ಗೆ ಆಸ್ಪತ್ರೆಯ ಬೀಗ ತೆಗೆಯುವಾಗ
ಮೂರು ಕಾಲಿನ ಚಿತ್ರಾನ್ನ ರಸ್ತೆಯಾಚೆ ಕೂತಿರುತ್ತದೆ.
ಯಾರದೋ ಟಿವಿಎಸ್ ಸದ್ದಿಗೆ ಎದ್ದು
ಅದಲ್ಲವೆಂದು ಮತ್ತೆ ಕೂರುತ್ತದೆ.
ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು
"ಒಳಗೆ ಬನ್ನಿ" ಎನ್ನುತ್ತೇನೆ.

ಬರುವುದಿಲ್ಲ.
ನನ್ನ ಉಚ್ಚಾರ ಸರಿಯಿಲ್ಲವೇನೋ.